ಫ್ಯಾನ್ ಡೈರೆಕ್ಟ್ ಮಾಡಿದ ಕಾಲ

ಸಿಗ್ನಲ್ಲಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ, ಹೆದ್ದಾರಿಗೆ ಬಿದ್ದು ನಾಲ್ಕು ಕಿಲೋಮೀಟರ್ ಓಡಿದರೆ ತಾನಾಗಿ ಇಳಿಯುತ್ತದೆ ಎಂದರೆ ಸಾಕು, ರೇಡಿಯೇಟರ್ ಫ್ಯಾನ್ ಕೈಕೊಟ್ಟಿರಬೇಕು ಎಂದು ಇಂದಿನ ಯಾವ ಮೆಕ್ಯಾನಿಕ್ಕಾದರೂ ಊಹಿಸುತ್ತಾನೆ. ಆದರೆ ಅಂಬಾಸಿಡರ್ ಕಾಲದ ಮೆಕ್ಯಾನಿಕ್ಕಿಗೆ ಈ ಲಕ್ಷಣ ಹೇಳಿದ್ದರೆ ಅವನು ಫ್ಯಾನಿನ ಕಡೆ ನೋಡುತ್ತಲೇ ಇರಲಿಲ್ಲ. ಕಾರಿನ ಫ್ಯಾನ್ ಬೆಲ್ಟ್ ಬಿಟ್ಟು ಕರೆಂಟಿಗೆ ಬಂದದ್ದನ್ನು ಸಾಮಾನ್ಯವಾಗಿ ಪೆಟ್ರೋಲ್ ಉಳಿತಾಯದ ಕಥೆಯಾಗಿ ಹೇಳುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಗ್ಯಾರೇಜಿನ ಕಡೆಯಿಂದ ನೋಡಿದರೆ ಅದು ಅರ್ಧ ಕಥೆ. ಬೆಲ್ಟ್ ಬಿಟ್ಟದ್ದರಿಂದ ಫ್ಯಾನ್ ಉತ್ತಮವಾಯಿತು, ಅದರ ರೋಗ ಮಾತ್ರ ಮೂಕವಾಯಿತು. ನಮ್ಮ ಗ್ಯಾರೇಜುಗಳಲ್ಲಿ ಬೆಳೆದ, ಸ್ವಿಚ್ ತಪ್ಪಿಸಿ ಫ್ಯಾನನ್ನು ಸದಾ ಓಡಿಸುವ, ಅಂದರೆ ‘ಫ್ಯಾನ್ ಡೈರೆಕ್ಟ್ ಮಾಡುವ’ ರೂಢಿಯನ್ನು ಬರಿಯ ಅಡ್ಡದಾರಿ ಎಂದು ತಳ್ಳಿಹಾಕುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ಬಂಡಿಯಲ್ಲಿ ಫ್ಯಾನ್ ಇರಲಿಲ್ಲ. ಎಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಓಡಿಸುವವನು ದಾರಿಯುದ್ದಕ್ಕೂ ನೀರು ತುಂಬಬೇಕಿತ್ತು. ವಿಲ್ಹೆಲ್ಮ್ ಮೇಬ್ಯಾಕ್ 1900ರಲ್ಲಿ ಮರ್ಸಿಡಿಸ್ 35 ಎಚ್‌ಪಿ ಕಾರಿಗಾಗಿ 8,070 ಸಣ್ಣ ಚೌಕ ಕೊಳವೆಗಳನ್ನು ಸೇರಿಸಿ ಜೇನುಹುಟ್ಟಿನಂಥ ರೇಡಿಯೇಟರ್ ಕಟ್ಟಿ, ಕಾರು ನಿಧಾನವಾದಾಗಲೂ ಗಾಳಿ ಹಾಯಲಿ ಎಂದು ಅದರ ಹಿಂದೆ ಒಂದು ಫ್ಯಾನ್ ಇಟ್ಟ. 1908ರ ಫೋರ್ಡ್ ಮಾಡೆಲ್ ಟಿ ಬರುವ ಹೊತ್ತಿಗೆ ಎಂಜಿನ್ನಿಂದಲೇ ಬೆಲ್ಟ್ ಎಳೆದು ಫ್ಯಾನ್ ತಿರುಗಿಸುವುದು ಮಾಮೂಲಾಗಿತ್ತು. ಅರ್ಧ ಶತಮಾನದ ನಂತರ ಉತ್ತರಪಾರಾದ ಅಂಬಾಸಿಡರ್, ಬೊಂಬಾಯಿಯ ಕುರ್ಲಾದ ಫಿಯಟ್ ಎರಡರಲ್ಲೂ ಇದ್ದದ್ದು ಅದೇ ಏರ್ಪಾಡು. ಒಂದೇ ಬೆಲ್ಟು ಫ್ಯಾನನ್ನೂ ವಾಟರ್ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತಿತ್ತು. ಹಾಗಾಗಿ ಬೆಲ್ಟ್ ಹರಿದರೆ ಫ್ಯಾನ್ ಒಂದೇ ಸುಮ್ಮನೆ ನಿಲ್ಲುವಂತಿರಲಿಲ್ಲ. ಡೈನಮೋ ನಿಂತು ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಪಂಪ್ ನಿಂತು ನಿಮಿಷಗಳಲ್ಲಿ ನೀರು ಕುದಿಯುತ್ತಿತ್ತು. ಬೆಲ್ಟ್ ಸಡಿಲಾದರೆ ಕಿರುಗುಟ್ಟುವ ಸದ್ದೇ ಹೇಳುತ್ತಿತ್ತು. ಬಾನೆಟ್ ಎತ್ತಿ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರೆ ಪರೀಕ್ಷೆ ಮುಗಿಯಿತು. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕಿರಲಿಲ್ಲ.

ಹಾಗಾದರೆ ಶಿರಾಡಿ, ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಬಾನೆಟ್ ತೆರೆದು ಆವಿ ಉಗುಳುತ್ತ ನಿಂತ ಕಾರು, ಬಸ್ಸುಗಳೇನು ಎಂದು ಕೇಳಬಹುದು. ಬೆಲ್ಟ್ ಫ್ಯಾನ್ ಒಳ್ಳೆಯ ಫ್ಯಾನಾಗಿತ್ತು ಎಂಬುದು ನನ್ನ ವಾದವಲ್ಲ. ಅದರ ವೇಗ ಎಂಜಿನ್ನಿನ ವೇಗಕ್ಕೆ ಕಟ್ಟುಬಿದ್ದದ್ದು. ಜಾತ್ರೆಯ ನಡುವೆ ಸಿಕ್ಕಿಕೊಂಡು ಎಂಜಿನ್ ಐಡಲ್‌ನಲ್ಲಿ ಗುರುಗುಟ್ಟುವಾಗ, ಅಂದರೆ ಗಾಳಿ ಅತಿ ಹೆಚ್ಚು ಬೇಕಾದಾಗ, ಅದು ಅತಿ ನಿಧಾನವಾಗಿ ತಿರುಗುತ್ತಿತ್ತು. ರಸ್ತೆಯ ಗಾಳಿಯೇ ಸಾಕಾಗುವ ವೇಗದಲ್ಲಿ ವೃಥಾ ರಭಸದಿಂದ ಬೀಸುತ್ತಿತ್ತು. ಕೂಲಂಟ್ ಇಲ್ಲದೆ ಕೆರೆಯದೋ ಬಾವಿಯದೋ ನೀರು ತುಂಬಿದ ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿಕೊಳ್ಳುವುದೂ ಇತ್ತು. ಘಾಟಿಯಲ್ಲಿ ಕಾರು ಕುದಿಯುತ್ತಿದ್ದದ್ದು ಹೆಚ್ಚಾಗಿ ಕೆಟ್ಟ ಫ್ಯಾನಿನಿಂದಲ್ಲ, ಸರಿಯಾಗಿದ್ದ ಫ್ಯಾನೂ ಸಾಲದೆ. ಈ ವ್ಯತ್ಯಾಸ ಮುಖ್ಯ: ಹಳೆಯ ಏರ್ಪಾಡು ಸೋಲುತ್ತಿತ್ತು, ಆದರೆ ಯಾಕೆ ಸೋತೆ ಎಂಬುದನ್ನು ಮುಚ್ಚಿಡುತ್ತಿರಲಿಲ್ಲ.

ಬೆಲ್ಟನ್ನು ಬಿಡಿಸಿದ್ದು ಪೆಟ್ರೋಲಿನ ಚಿಂತೆಯೇ? ಫ್ಯಾನಿನ ವೇಗ ಎರಡರಷ್ಟಾದರೆ ಅದು ತಿನ್ನುವ ಶಕ್ತಿ ಎಂಟರಷ್ಟಾಗುತ್ತದೆ, ಆದ್ದರಿಂದ ಉಳಿತಾಯ ನಿಜ. ಆದರೆ ಬೇಡವಾದಾಗ ಫ್ಯಾನನ್ನು ಬಿಟ್ಟುಕೊಡುವ ಕ್ಲಚ್ಚುಗಳು ಬಂದು, ಬೆಲ್ಟನ್ನು ತೆಗೆಯದೆಯೇ ಆ ಕೆಲಸ ಮಾಡಬಲ್ಲವು ಎಂದು ತೋರಿಸಿದ್ದವು. ಬೆಲ್ಟ್ ಅಸಾಧ್ಯವಾದದ್ದು ಎಂಜಿನ್ ಅಡ್ಡ ತಿರುಗಿದಾಗ. ಮುಂದಿನ ಗಾಲಿಗಳೇ ಎಳೆಯುವ ಸಣ್ಣ ಕಾರಿನಲ್ಲಿ ಜಾಗ ಉಳಿಸಲು ಎಂಜಿನ್ನನ್ನು ಅಡ್ಡಲಾಗಿ ಇಟ್ಟರೆ ಅದರ ಪುಲ್ಲಿ ಪಕ್ಕದ ಗಾಲಿಯ ಕಡೆ ಮುಖ ಮಾಡುತ್ತದೆ, ರೇಡಿಯೇಟರ್ ಮುಂದೆ ಉಳಿಯುತ್ತದೆ. 1959ರ ಬ್ರಿಟಿಷ್ ಮಿನಿಯಲ್ಲಿ ಅಡ್ಡ ಎಂಜಿನ್ ಇದ್ದೂ ಬೆಲ್ಟ್ ಫ್ಯಾನೇ ಇತ್ತಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ನಿಜ, ಆದರೆ ಅಲೆಕ್ ಇಸಿಗೋನಿಸ್ ಅದಕ್ಕಾಗಿ ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿ, ಬಾನೆಟ್ಟಿನೊಳಗಿನ ಬೆಚ್ಚನೆಯ ಗಾಳಿಯನ್ನು ಗಾಲಿಯ ಗೂಡಿಗೆ ತಳ್ಳಬೇಕಾಯಿತು. ಕಡೆಗೆ 1990ರ ದಶಕದ ಉತ್ತರಾರ್ಧದಲ್ಲಿ ಮಿನಿಯೂ ರೇಡಿಯೇಟರನ್ನು ಮುಂದಕ್ಕೆ ತಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಕೊಂಡಿತು. ಫಿಯಟ್ಟಿನ ದಾಂತೆ ಜಿಯಾಕೋಸಾ ಇನ್ನೊಂದು ದಾರಿ ಹಿಡಿದ. 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಪ್ರಯೋಗ ಮಾಡಿ, 1969ರ ಫಿಯಟ್ 128ರಲ್ಲಿ ಅಡ್ಡ ಎಂಜಿನ್, ಮುಂದೆ ರೇಡಿಯೇಟರ್, ಅದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಎಂಬ ಮಾದರಿಯನ್ನು ಗಟ್ಟಿ ಮಾಡಿದ. ಆಮೇಲಿನ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಇದರ ಸಂತತಿ. ಎಂಜಿನ್ ಉದ್ದಕ್ಕೇ ಉಳಿದ ಲಾರಿ, ಬಸ್ಸುಗಳಲ್ಲಿ ಬೆಲ್ಟ್ ಫ್ಯಾನೂ ಉಳಿದದ್ದು ನನ್ನ ಮಾತಿಗೆ ಇನ್ನೊಂದು ಸಾಕ್ಷಿ. ಇಂಧನ ಉಳಿತಾಯವೇ ಕಾರಣವಾಗಿದ್ದರೆ, ಹೆಚ್ಚು ಡೀಸೆಲ್ ಸುಡುವ ಲಾರಿಯೇ ಮೊದಲು ಬದಲಾಗಬೇಕಿತ್ತು.

ನಮ್ಮ ದೇಶದಲ್ಲಿ ಈ ಮಾದರಿಯನ್ನು ಮನೆಮಾತಾಗಿಸಿದ್ದು 1983ರ ಡಿಸೆಂಬರಿನಲ್ಲಿ ಗುಡಗಾಂವ್‌ನಿಂದ ಹೊರಬಿದ್ದ ಮಾರುತಿ 800. ಫ್ಯಾನ್, ಡೈನಮೋಗಳ ನಂಟು ಇಲ್ಲಿಗೆ ಹರಿಯಿತು. ನೀರು ತೊಂಬತ್ತು ಡಿಗ್ರಿ ದಾಟಿದಾಗ ಥರ್ಮೋ ಸ್ವಿಚ್ ಕೂಡಿಕೊಂಡು ಮೋಟಾರಿಗೆ ಕರೆಂಟ್ ಹೋಗಬೇಕು, ತಣಿದಾಗ ಬಿಟ್ಟುಕೊಳ್ಳಬೇಕು. ಈ ಸರಪಳಿಯಲ್ಲಿ ಫ್ಯೂಸ್, ಕನೆಕ್ಟರ್, ಅರ್ತ್, ಮೋಟಾರಿನ ಕಾರ್ಬನ್ ಬ್ರಶ್, ಮುಂದೆ ಬಂದ ಕಾರುಗಳಲ್ಲಿ ರಿಲೇ, ಯಾವುದು ಕೆಟ್ಟರೂ ಫಲ ಒಂದೇ: ಫ್ಯಾನ್ ತಿರುಗುವುದಿಲ್ಲ, ಬೇರೇನೂ ಆಗುವುದಿಲ್ಲ. ದೀಪ ಹೊತ್ತುವುದಿಲ್ಲ, ಸದ್ದಿಲ್ಲ. ಓಡುವ ಕಾರಿಗೆ ಎದುರುಗಾಳಿಯೇ ಸಾಕಾದ್ದರಿಂದ ಟ್ರಾಫಿಕ್ಕಿನಲ್ಲಿ ಸಿಕ್ಕುವವರೆಗೂ ಗೊತ್ತಾಗುವುದಿಲ್ಲ. ಸರಿಯಾಗಿರುವ ಫ್ಯಾನೂ ಹೆಚ್ಚಿನ ಹೊತ್ತು ನಿಂತೇ ಇರುವುದರಿಂದ ನಿಂತ ಫ್ಯಾನನ್ನು ನೋಡಿ ಏನನ್ನೂ ಹೇಳುವಂತಿಲ್ಲ. ಇನ್ನೂ ತಮಾಷೆಯೆಂದರೆ ನಿರಪರಾಧಿ ಫ್ಯಾನಿನ ಮೇಲೆ ಬರುವ ಆಪಾದನೆ. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಮುಚ್ಚಿಕೊಂಡೇ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿರುತ್ತದೆ. ಸ್ವಿಚ್ ರೇಡಿಯೇಟರಿನಲ್ಲಿದ್ದರೆ ಅದಕ್ಕೆ ಬಿಸಿಯೇ ತಟ್ಟುವುದಿಲ್ಲ. ನೀರು ಕಡಿಮೆಯಾಗಿ ಸ್ವಿಚ್ಚಿನ ಮೂತಿ ಗಾಳಿಯಲ್ಲಿ ನಿಂತರೂ ಅದೇ ಕಥೆ. ಕೆಳಗಿನ ಹೋಸ್ ಮುಟ್ಟಿ ನೋಡದೆ ಹೊಸ ಮೋಟಾರ್ ಕೊಂಡವರ ದುಡ್ಡು ದಂಡ.

ಗ್ಯಾರೇಜುಗಳು ಇದಕ್ಕೊಂದು ಪರೀಕ್ಷೆ ಕಂಡುಕೊಂಡವು: ಸ್ವಿಚ್ಚಿನ ಎರಡು ವೈರ್ ಕಿತ್ತು ಒಂದಕ್ಕೊಂದು ಮುಟ್ಟಿಸು. ಫ್ಯಾನ್ ತಿರುಗಿದರೆ ದೋಷ ಸ್ವಿಚ್ಚಿನದು ಅಥವಾ ಅದಕ್ಕೆ ಬಿಸಿ ತಲುಪದಿರುವುದರದು; ತಿರುಗದಿದ್ದರೆ ಬ್ಯಾಟರಿಯಿಂದ ನೇರ ಮೋಟಾರಿಗೆ ಕರೆಂಟ್ ಕೊಡು. ಇಷ್ಟು ಅಚ್ಚುಕಟ್ಟಾದ ತರ್ಕವನ್ನು ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಮುಟ್ಟಿಸಿದ ವೈರುಗಳನ್ನು ಹಾಗೇ ಸುತ್ತಿ ಟೇಪ್ ಹಾಕಿಬಿಟ್ಟರೆ ಅದೇ ‘ಡೈರೆಕ್ಟ್’. ಕೀ ತಿರುಗಿಸಿದ ಗಳಿಗೆಯಿಂದ ಫ್ಯಾನ್ ಓಡುತ್ತದೆ. ಇದು ಅಜ್ಞಾನವೆಂದು ಕಂಪನಿಯ ಸರ್ವಿಸಿನವರು ಹೇಳುವುದುಂಟು. ಎಂಜಿನ್ ಬೆಚ್ಚಗಾಗುವುದೇ ಇಲ್ಲ ಎಂಬ ಅವರ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ: ಥರ್ಮೋಸ್ಟಾಟ್ ವಾಲ್ವ್ ಸರಿಯಿದ್ದರೆ ತಣ್ಣನೆಯ ಎಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ, ಫ್ಯಾನ್ ಸುಮ್ಮನೆ ಗಾಳಿ ಬೀಸುತ್ತದೆ. ವಾಲ್ವನ್ನೂ ಕಿತ್ತೆಸೆದಾಗ ಮಾತ್ರ ಆಕ್ಷೇಪ ಸಾಚಾ. ಆಗ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಡೈರೆಕ್ಟಿನಿಂದ ಸಿಕ್ಕಿದ್ದು ಬೆಲ್ಟ್ ಕಾಲದ ಭರವಸೆ: ಎಂಜಿನ್ ಚಾಲೂ ಇದ್ದರೆ ಫ್ಯಾನ್ ತಿರುಗುತ್ತಿರಬೇಕು, ಸದ್ದು ಕೇಳದಿದ್ದರೆ ಕೆಟ್ಟಿದೆ. ಮೂಕ ರೋಗಕ್ಕೆ ಬಾಯಿ ಕೊಡುವ ಉಪಾಯ ಅದು. ಬೆಲೆ ತೆತ್ತದ್ದು ಮೋಟಾರ್: ಆಗಾಗ ಓಡಲೆಂದು ಮಾಡಿದ ಬ್ರಶ್ಶುಗಳು ಇಡೀ ದಿನ ಓಡಿ ಬೇಗ ಸವೆದವು.

ಎಂಜಿನ್ನಿಗೆ ಕಂಪ್ಯೂಟರ್ ಬಂದ ಮೇಲೆ ಈ ಉಪಾಯಕ್ಕೆ ನೆಲೆ ತಪ್ಪಿತು. ಈಗ ಸ್ವಿಚ್ಚಿನ ಬದಲು ಸೆನ್ಸರ್. ಬಿಸಿಯಾದಂತೆ ಅದರ ರೆಸಿಸ್ಟನ್ಸ್ ಇಳಿಯುತ್ತದೆ. ಅದರ ವೈರ್ ಕಿತ್ತರೆ ಕಂಪ್ಯೂಟರಿಗೆ ಎಂಜಿನ್ ಮೈನಸ್ 40 ಡಿಗ್ರಿಯಲ್ಲಿರುವಂತೆ ಕಾಣುತ್ತದೆ. ಇದು ನಂಬುವ ಮಾತಲ್ಲ ಎಂದು ಬಹುತೇಕ ಕಾರುಗಳು ಎಚ್ಚರಿಕೆಗಾಗಿ ಫ್ಯಾನನ್ನು ಓಡಿಸಿಬಿಡುತ್ತವೆ. ಹಿಂದೆ ವೈರ್ ಕಿತ್ತರೆ ನಿಲ್ಲುತ್ತಿದ್ದ ಫ್ಯಾನ್ ಈಗ ವೈರ್ ಕಿತ್ತರೆ ತಿರುಗುತ್ತದೆ. ಇನ್ನು ಕೆಟ್ಟದ್ದನ್ನು ಸ್ಕ್ಯಾನರ್ ಹೇಳುತ್ತದಲ್ಲ ಎನ್ನುವವರಿಗೆ ಒಂದು ಮಾತು. ಪಿ0480 ಎಂಬ ಕೋಡ್ ಹೇಳುವುದು ಫ್ಯಾನನ್ನು ನಿಯಂತ್ರಿಸುವ ಸರ್ಕಿಟ್ಟಿನ ದೋಷವನ್ನು. ಹಲವು ಕಾರುಗಳಲ್ಲಿ ಕಂಪ್ಯೂಟರಿನ ನೋಟ ರಿಲೇವರೆಗೆ ಮಾತ್ರ; ರಿಲೇ ಟಿಕ್ ಎಂದರೆ ತನ್ನ ಕೆಲಸ ಮುಗಿಯಿತು ಎಂದು ಅದು ತಿಳಿಯುತ್ತದೆ. ಬ್ರಶ್ ಸವೆದು ಮೋಟಾರ್ ಅಲುಗದೆ ನಿಂತಿದ್ದರೂ ಕೋಡ್ ಬಾರದಿರಬಹುದು. ಅಂಥ ಕಾರು ಬಂದಾಗ ಮೆಕ್ಯಾನಿಕ್ ಮೊದಲು ಎಸಿ ಹಾಕಿ ಫ್ಯಾನ್ ಏಳುತ್ತದೆಯೇ ನೋಡುತ್ತಾನೆ. ಏಳದಿದ್ದರೆ ಸ್ಕ್ಯಾನರನ್ನು ಪಕ್ಕಕ್ಕಿಟ್ಟು ಬ್ಯಾಟರಿಯಿಂದ ಎರಡು ವೈರ್ ಎಳೆದು ಮೋಟಾರಿಗೆ ಮುಟ್ಟಿಸುತ್ತಾನೆ.