ಮಿಶ್ರಕವ್ಯವಹಾರವೂ ಸಾಲದ ಕಂತಿನ ಕೋಷ್ಟಕವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಶೂನ್ಯದ ವಿಚಾರ, ಭಿನ್ನರಾಶಿಗಳ ಕಲಾಸವರ್ಣ, ಕ್ಷೇತ್ರಗಣಿತ ಮುಂತಾದ ವಿಷಯಗಳಿಂದಾಗಿ ಈ ಗ್ರಂಥವು ಚರ್ಚೆಗೆ ಬಂದಷ್ಟು, ಅದರ ಮಿಶ್ರಕವ್ಯವಹಾರದಲ್ಲಿ ಅಡಕವಾದ ವೃದ್ಧಿಪ್ರಕರಣದಿಂದಾಗಿ ಬಂದುದಿಲ್ಲ. ಆದರೆ ಬಡ್ಡಿ, ಅಸಲು, ಅವಧಿ, ಕಂತು ಎಂಬ ನಾಲ್ಕು ಪದಾರ್ಥಗಳ ಪರಸ್ಪರ ಸಂಬಂಧವನ್ನು ಕನ್ನಡನಾಡಿನಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದ ಪ್ರಕರಣವಿದು. ಇಂದು ಗಣಕಯಂತ್ರದ ತಂತ್ರಾಂಶವು ಕ್ಷಣಮಾತ್ರದಲ್ಲಿ ಮುದ್ರಿಸಿಕೊಡುವ ಗೃಹಸಾಲದ ಅಥವಾ ಅಡಮಾನಸಾಲದ ಕಂತಿನ ಕೋಷ್ಟಕವನ್ನು ಅರ್ಥೈಸಲು ಈ ಪ್ರಕರಣವು ಎಷ್ಟರಮಟ್ಟಿಗೆ ಸಹಾಯಕವೆಂಬುದು ಪ್ರಸ್ತುತ ಲೇಖನದ ವಿಷಯ.

ಗ್ರಂಥಾರಂಭದ ಸಂಜ್ಞಾಧಿಕಾರದಲ್ಲಿ ಆಚಾರ್ಯರು ಗಣಿತದ ಪ್ರಯೋಜನವನ್ನು ಹೇಳುತ್ತ ಲೌಕಿಕ, ವೈದಿಕ, ಸಾಮಯಿಕ ಎಂಬ ಮೂರು ಬಗೆಯ ವ್ಯಾಪಾರಗಳಲ್ಲಿಯೂ ಸಂಖ್ಯಾನವು ಬೇಕೆಂದು ಪ್ರತಿಪಾದಿಸಿದ್ದಾರೆ. ಲೌಕಿಕವ್ಯಾಪಾರದಲ್ಲಿ ಸಾಲ ಕೊಡುವುದು, ಸಾಲ ಪಡೆಯುವುದು ಸೇರಿಯೇ ಇವೆ. ಬಡ್ಡಿಯ ಲೆಕ್ಕಕ್ಕೆ ಅಡಿಪಾಯವಾದುದು ಪಂಚರಾಶಿಕ. ನೂರು ಹೊನ್ನಿಗೆ ತಿಂಗಳಿಗೆ ಒಂದು ಹೊನ್ನು ವೃದ್ಧಿಯಾದರೆ ಸಾವಿರ ಹೊನ್ನಿಗೆ ಹತ್ತು ತಿಂಗಳಲ್ಲಿ ಎಷ್ಟು? ಇಲ್ಲಿ ನೂರು, ತಿಂಗಳು, ಒಂದು, ಸಾವಿರ, ಹತ್ತು ತಿಂಗಳು ಎಂಬ ಐದು ರಾಶಿಗಳಿಂದ ನೂರು ಹೊನ್ನು ಎಂಬ ಫಲವು ಬರುತ್ತದೆ. ಇದು ಸುಲಭ. ಕಷ್ಟವಿರುವುದು ಮೂಲಧನವೂ ವೃದ್ಧಿಯೂ ಕೂಡಿಕೊಂಡು ಒಂದೇ ಮೊತ್ತವಾಗಿ ಎದುರಿಗೆ ಬಂದಾಗ. ಆ ಕೂಡಿದ ಮೊತ್ತಕ್ಕೆ ‘ಮಿಶ್ರ’ವೆಂದು ಹೆಸರು. ಹತ್ತು ತಿಂಗಳ ಅನಂತರ ಸಾಲಗಾರನು 1,100 ಹೊನ್ನು ಕೊಡಬೇಕಾಯಿತೆಂದರೆ, ಅದರಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು? ಒಂದು ಹೊನ್ನಿಗೆ ಆ ಅವಧಿಯಲ್ಲಿ ಬರುವ ವೃದ್ಧಿಗೆ ಒಂದನ್ನು ಕೂಡಿಸಿ, ಅದರಿಂದ ಮಿಶ್ರವನ್ನು ಭಾಗಿಸಿದರೆ ಮೂಲಧನವು ದೊರೆಯುವುದೆಂಬುದು ಆಚಾರ್ಯರ ಸೂತ್ರದ ತಾತ್ಪರ್ಯ. ಒಂದಕ್ಕೆ ಹತ್ತನೆಯ ಒಂದು ಪಾಲು ವೃದ್ಧಿ. 1,100ನ್ನು 1.1ರಿಂದ ಭಾಗಿಸಿದರೆ ಮೂಲ 1,000, ಉಳಿದ 100 ವೃದ್ಧಿ.

ಆಚಾರ್ಯರು ಇಷ್ಟಕ್ಕೇ ನಿಲ್ಲುವುದಿಲ್ಲ. ಮೂಲ ಮತ್ತು ಕಾಲ ಕೂಡಿದ ಮಿಶ್ರ, ವೃದ್ಧಿ ಮತ್ತು ಕಾಲ ಕೂಡಿದ ಮಿಶ್ರ, ಬೇರೆ ಬೇರೆ ದರಗಳಲ್ಲಿ ಕೊಟ್ಟ ಹಲವು ಮೂಲಧನಗಳ ವಿಂಗಡಣೆ ಮುಂತಾದ ಬಗೆಗಳನ್ನು ಸೂತ್ರೋದಾಹರಣ ಸಹಿತವಾಗಿ ವಿವರಿಸಿದ್ದಾರೆ. ವಿಶೇಷವಾಗಿ ಗಮನಿಸಬೇಕಾದುದು, ಸಮಾನಾಂತರ ಶ್ರೇಢಿಯಲ್ಲಿ ಏರುತ್ತ ಹೋಗುವ ಕಂತುಗಳಿಂದ ಸಾಲವನ್ನು ತೀರಿಸಿ ಋಣಮುಕ್ತನಾಗುವವನ ಲೆಕ್ಕ. ಸಾಲವೆಂದರೆ ಒಮ್ಮೆಗೇ ಮರಳಿಸುವ ಗಂಟು ಎಂದಷ್ಟೇ ಅಲ್ಲದೆ, ಕಾಲಕ್ರಮದಲ್ಲಿ ಕರಗಿಸತಕ್ಕ ಹೊರೆ ಎಂಬ ಕಲ್ಪನೆಯು ಇಲ್ಲಿ ಸ್ಪಷ್ಟವಾಗಿದೆ.

ಈ ಗಣಿತವು ಸಂಸ್ಕೃತದಲ್ಲಿಯೇ ಉಳಿಯಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಮಹಾವೀರಾಚಾರ್ಯರ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ತ್ರೈರಾಶಿಕ, ಪಂಚರಾಶಿಕಾದಿಗಳನ್ನು ಕನ್ನಡದಲ್ಲಿಯೇ ನಿರೂಪಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದವು ಹೊರಬಂದಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಪ್ರಕಟವಾಯಿತು.

ಶಾಸನಗಳಲ್ಲಿ ಬಡ್ಡಿಯ ಇನ್ನೊಂದು ಮುಖವು ಕಾಣುತ್ತದೆ. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ನಿಧಿಯಾಗಿ ಇರಿಸಿ, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಕಟ್ಟು ಮಾಡಿದ ಉಲ್ಲೇಖಗಳಿವೆ. ಇಂಥ ದತ್ತಿಯಲ್ಲಿ ಮೂಲಧನವು ಎಂದಿಗೂ ಕ್ಷಯಿಸಕೂಡದು. ವೃದ್ಧಿಯೊಂದೇ ವಿನಿಯೋಗಕ್ಕೆ ಬರತಕ್ಕದ್ದು. ಸಾಲಗಾರನ ಹಿತವಾದರೋ ಇದಕ್ಕೆ ತದ್ವಿರುದ್ಧ: ಅವನ ಲೆಕ್ಕದಲ್ಲಿ ಮೂಲವು ಕ್ಷಯಿಸಲೇಬೇಕು. ಬಡ್ಡಿಯನ್ನು ಮಾತ್ರ ಕೊಡುತ್ತ ಅಸಲನ್ನು ಹಾಗೆಯೇ ಉಳಿಸಿಕೊಂಡವನು, ತನಗೆ ತಿಳಿಯದೆಯೇ, ಸಾಹುಕಾರನ ಮನೆಗೆ ಒಂದು ಅಕ್ಷಯನಿಧಿಯನ್ನು ಸ್ಥಾಪಿಸಿದಂತಾಗುತ್ತದೆ. ಭೂಮಿಯನ್ನು ಭೋಗ್ಯಕ್ಕೆ ಕೊಟ್ಟು, ಅದರ ಬೆಳೆಯೇ ಬಡ್ಡಿಗೆ ವಜಾ ಆಗುವಂತೆ ಬರೆದುಕೊಟ್ಟ ಅಡಮಾನಪತ್ರಗಳಲ್ಲಿ ಆಗುತ್ತಿದ್ದುದು ಇದೇ. ಎಷ್ಟು ಬೆಳೆಗಳು ಕೈಬಿಟ್ಟರೂ ಮೂಲ ಋಣವು ಹಾಗೆಯೇ ನಿಂತಿರುತ್ತಿತ್ತು.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳ ಸೀಮೆಗೆ ಸೇರಿದ ನಿಡೋಣಿಯಂಥ ಊರುಗಳಲ್ಲಿ ಈ ಲೆಕ್ಕವು ಕೇವಲ ಶಾಸ್ತ್ರದ ಪ್ರಶ್ನೆಯಲ್ಲ. ಡೋಣಿ ನದಿಯ ಕಪ್ಪುನೆಲ ಫಲವತ್ತಾದುದೆಂದು ಹೆಸರಾಗಿದ್ದರೂ ಈ ಜಿಲ್ಲೆಯ ಬೇಸಾಯಕ್ಕೆ ಮಳೆಯ ನೆಚ್ಚಿಕೆಯಿಲ್ಲ. 1876-78ರ ಮಹಾಕ್ಷಾಮವು ಈ ಭಾಗವನ್ನು ತೀವ್ರವಾಗಿ ತಟ್ಟಿತು. ಮಳೆ ತಪ್ಪಿದ ವರ್ಷ ಸಾಲ, ಸಾಲಕ್ಕೆ ಹೊಲದ ಗಹಾಣ, ಬಡ್ಡಿ ನಿಂತರೆ ಅದನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಎಂಬ ಕ್ರಮವು ಆ ಕಾಲದ ಮುಂಬಯಿ ಪ್ರಾಂತದ ಬಯಲುಸೀಮೆಯಲ್ಲಿ ವ್ಯಾಪಕವಾಗಿತ್ತು. 1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ವಶಪಡಿಸಿಕೊಂಡು ಸುಟ್ಟರು. ಅವರ ಸಿಟ್ಟು ವ್ಯಕ್ತಿಗಳಿಗಿಂತ ಹೆಚ್ಚಾಗಿ ಬರಹದ ಮೇಲೆ ಹರಿಯಿತೆಂಬುದು ಹಸ್ತಪ್ರತಿಗಳ ಅಭ್ಯಾಸಿಗಳು ಯೋಚಿಸಬೇಕಾದ ಮಾತು.

ಇದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಬಂದಿತು. ಮೊದಲಿಗೆ ಪುಣೆ, ಸಾತಾರಾ, ಅಹ್ಮದನಗರ ಮತ್ತು ವಿಜಯಪುರದ ನೆರೆಯ ಸೊಲ್ಲಾಪುರ ಜಿಲ್ಲೆಗಳಿಗೆ ಅನ್ವಯಿಸಿದ ಈ ಕಾಯಿದೆಯ 13ನೆಯ ಕಲಮು ಗಣಿತದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ನ್ಯಾಯಾಲಯವು ಸಾಲದ ಲೆಕ್ಕವನ್ನು ಮೊದಲಿನಿಂದ ತೆಗೆಯಬೇಕು, ಅಸಲಿಗೂ ಬಡ್ಡಿಗೂ ಪ್ರತ್ಯೇಕ ಲೆಕ್ಕವಿರಬೇಕು, ಬಾಕಿ ನಿಂತ ಬಡ್ಡಿಯನ್ನು ಅಸಲಿನ ಲೆಕ್ಕಕ್ಕೆ ಸೇರಿಸಕೂಡದು ಎಂಬುದು ಅದರ ಸಾರ. ಒಂದು ಸಾವಿರ ವರ್ಷಗಳ ಹಿಂದೆ ಮಾನ್ಯಖೇಟದ ಗಣಿತಜ್ಞರು ಸೂತ್ರವಾಗಿ ಕೊಟ್ಟ ಮಿಶ್ರವಿಭಾಗವನ್ನೇ ಇಲ್ಲಿ ಕಾನೂನು ಕರ್ತವ್ಯವಾಗಿ ವಿಧಿಸಿದಂತಾಯಿತು. ಬಾಕಿ ಬಡ್ಡಿಯು ಒಮ್ಮೆಗೆ ಅಸಲನ್ನು ಮೀರಕೂಡದೆಂಬ ‘ದಾಮದುಪ್ಪಟ’ ನಿಯಮವೂ ಮುಂಬಯಿ ಪ್ರಾಂತದಲ್ಲಿ ರೂಢಿಯಲ್ಲಿತ್ತು. ಇದರ ಬೇರು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಸಾಹುಕಾರನಿಗೆ ಪರ್ಯಾಯವಾಗಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಮೇಲೆ, 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಸಂಘವು ಸ್ಥಾಪಿತವಾದುದು ಪ್ರಸಿದ್ಧ.

ಇನ್ನು ಆಧುನಿಕ ಕೋಷ್ಟಕದ ವಿಚಾರ. ಪ್ರತಿ ತಿಂಗಳೂ ಒಂದೇ ಮೊತ್ತವನ್ನು ಕೊಡುವ ಕಂತನ್ನು ಬ್ಯಾಂಕಿನ ಭಾಷೆಯಲ್ಲಿ ಇ.ಎಂ.ಐ. ಎನ್ನುತ್ತಾರೆ. ಎಕ್ಸೆಲ್‌ನಂಥ ಕೋಷ್ಟಕ ತಂತ್ರಾಂಶದಲ್ಲಿ ಇದಕ್ಕಾಗಿ ಮೂರು ಫಲನಗಳಿವೆ. ಪಿಎಂಟಿ ಎಂಬುದು ಇಡೀ ಕಂತನ್ನು ಹೇಳುತ್ತದೆ, ಐಪಿಎಂಟಿ ಅದರೊಳಗಿನ ಬಡ್ಡಿಯನ್ನು, ಪಿಪಿಎಂಟಿ ಅದರೊಳಗಿನ ಅಸಲನ್ನು. ಅರ್ಥಾತ್ ಮೊದಲನೆಯದು ಮಿಶ್ರ, ಎರಡನೆಯದು ವೃದ್ಧಿ, ಮೂರನೆಯದು ಮೂಲ. ಕಂತು ಸಮಾನವಾಗಿ ಕಂಡರೂ ಅದರ ಒಳಗಿನ ಪಾಲು ಪ್ರತಿ ತಿಂಗಳೂ ಬದಲಾಗುತ್ತದೆ.

ನಿಡೋಣಿಯ ರೈತನೊಬ್ಬನು 1,00,000 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 12ರ ದರದಲ್ಲಿ, 12 ತಿಂಗಳ ಅವಧಿಗೆ ಪಡೆದನೆಂದು ಊಹಿಸಬಹುದು. ತಿಂಗಳ ದರ ಶೇಕಡಾ 1. ತಂತ್ರಾಂಶವು ಕೊಡುವ ಕಂತು ಸುಮಾರು 8,885 ರೂಪಾಯಿ. ಮೊದಲ ತಿಂಗಳ ಬಡ್ಡಿ 1,000, ಅಸಲಿಗೆ ಸಂದುದು 7,885, ಉಳಿದ ಅಸಲು 92,115. ಎರಡನೆಯ ತಿಂಗಳ ಬಡ್ಡಿ ಈ ಉಳಿಕೆಯ ಮೇಲೆ 921, ಅಸಲಿಗೆ 7,964, ಉಳಿಕೆ 84,151. ಹೀಗೆ ಇಳಿದು ಕೊನೆಯ ಕಂತಿನಲ್ಲಿ ಬಡ್ಡಿ 88 ರೂಪಾಯಿ ಮಾತ್ರ. ಒಟ್ಟು ಬಡ್ಡಿ ಸುಮಾರು 6,619 ರೂಪಾಯಿ. ಪಂಚರಾಶಿಕವನ್ನು ಬಲ್ಲವನು ಈ ಕೋಷ್ಟಕದ ಪ್ರತಿಯೊಂದು ಸಾಲನ್ನೂ ಕೈಯಿಂದಲೇ ಪರೀಕ್ಷಿಸಬಲ್ಲನು. ಪ್ರತಿ ಸಾಲೂ ಒಂದು ತಿಂಗಳ ಪಂಚರಾಶಿಕವೇ ಹೊರತು ಬೇರೇನೂ ಅಲ್ಲ.

ಅದೇ ಸಾಲವನ್ನು ಅದೇ ಶೇಕಡಾ 12ರ ‘ಫ್ಲಾಟ್’ ಬಡ್ಡಿಯಲ್ಲಿ ಕೊಟ್ಟರೆ ಚಿತ್ರವು ಬೇರೆಯಾಗುತ್ತದೆ. ಆಗ ಇಡೀ ವರ್ಷಕ್ಕೆ ಇಡೀ ಲಕ್ಷದ ಮೇಲೆಯೇ 12,000 ಬಡ್ಡಿ ಹಾಕಿ, ಕೂಡಿದ 1,12,000ವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 9,333 ರೂಪಾಯಿ ಕಂತೆಂದು ಹೇಳುತ್ತಾರೆ. ಹನ್ನೊಂದು ಕಂತು ತೀರಿಸಿದವನೂ ಹನ್ನೆರಡನೆಯ ತಿಂಗಳು ಪೂರ್ತಿ ಲಕ್ಷದ ಬಡ್ಡಿಯನ್ನೇ ಕೊಡುತ್ತಾನೆ. ಇಳಿಯುವ ಉಳಿಕೆಯ ಮೇಲೆ ಎಣಿಸಿದರೆ ಇದರ ನಿಜವಾದ ದರ ವರ್ಷಕ್ಕೆ ಶೇಕಡಾ 21ನ್ನೂ ಮೀರುತ್ತದೆ. ಪತ್ರದಲ್ಲಿ ಬರೆದ ಅಂಕಿ ಎರಡರಲ್ಲಿಯೂ 12.

ದೀರ್ಘಾವಧಿಯ ಗೃಹಸಾಲದಲ್ಲಿ ಕೋಷ್ಟಕದ ಅಗತ್ಯ ಇನ್ನೂ ಹೆಚ್ಚು. 10,00,000 ರೂಪಾಯಿಗೆ ಶೇಕಡಾ 9ರಂತೆ 20 ವರ್ಷಗಳಿಗೆ ಕಂತು ಸುಮಾರು 8,997 ರೂಪಾಯಿ. ಮೊದಲ ಕಂತಿನಲ್ಲಿ 7,500 ಬಡ್ಡಿ, 1,497 ಮಾತ್ರ ಅಸಲು. ಅರ್ಧ ಅವಧಿ, ಎಂದರೆ ಹತ್ತು ವರ್ಷ, ತಪ್ಪದೆ ಕಟ್ಟಿದಮೇಲೆಯೂ ಉಳಿದಿರುವ ಅಸಲು 7,10,000ಕ್ಕೂ ಹೆಚ್ಚು. ಒಟ್ಟು ಬಡ್ಡಿ 11,59,000 ರೂಪಾಯಿಯನ್ನು ದಾಟಿ ಅಸಲನ್ನೇ ಮೀರುತ್ತದೆ. ಇದು ದಾಮದುಪ್ಪಟ ನಿಯಮದ ಉಲ್ಲಂಘನೆಯಲ್ಲ. ಆ ನಿಯಮವು ಒಮ್ಮೆಗೆ ವಸೂಲು ಮಾಡುವ ಬಾಕಿಗೆ ಸಂಬಂಧಿಸಿದ್ದು, ಕಾಲಕಾಲಕ್ಕೆ ಸಂದಾಯವಾದ ಬಡ್ಡಿಗೆ ಅಲ್ಲ. ಆದರೂ ಆರಂಭದ ವರ್ಷಗಳಲ್ಲಿ ಅಸಲಿಗೆಂದು ಹೆಚ್ಚಾಗಿ ಕಟ್ಟಿದ ಹಣವು ಮುಂದಿನ ಎಲ್ಲ ತಿಂಗಳುಗಳ ಬಡ್ಡಿಯನ್ನು ಇಳಿಸುತ್ತದೆಂಬುದು ಕೋಷ್ಟಕವನ್ನು ನೋಡಿದವನಿಗೆ ಮಾತ್ರ ಹೊಳೆಯುತ್ತದೆ.

ಇಲ್ಲಿ ಶ್ರಾವಕಾಚಾರದ ಪ್ರಶ್ನೆಯು ಎದುರಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ 26ನೆಯ ಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಕೂಟಲೇಖಕ್ರಿಯೆಯೆಂದರೆ ವಂಚನೆಗಾಗಿ ಮಾಡಿದ ಬರಹ. ನ್ಯಾಸಾಪಹಾರಕ್ಕೆ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಟ್ಟ ವಿವರಣೆಯು ಸೂಕ್ಷ್ಮವಾದುದು. ಹೊನ್ನನ್ನು ಇಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಅನುಮೋದಿಸಿದರೆ ಅದೇ ದೋಷ. ಇಲ್ಲಿ ಕದ್ದುದಿಲ್ಲ, ಸುಳ್ಳು ಪತ್ರವನ್ನು ಬರೆದುದೂ ಇಲ್ಲ. ಎದುರಿಗಿರುವವನು ಲೆಕ್ಕ ತಿಳಿಯದವನೆಂಬುದನ್ನು ಬಲ್ಲವನು ಲಾಭಕ್ಕೆ ಬಳಸಿಕೊಂಡನು, ಅಷ್ಟೆ. ನಿಜವಾದ ದರವನ್ನು ಮರೆಸಿ ‘ಹನ್ನೆರಡೇ’ ಎನ್ನುವ ಮಾತನ್ನು ಈ ವ್ಯಾಖ್ಯಾನದ ಬೆಳಕಿನಲ್ಲಿ ಪರಿಶೀಲಿಸಬೇಕಾಗಿದೆ. ಅಂಕಿ ಸರಿಯಾಗಿದ್ದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲವೆಂಬ ಪೂಜ್ಯಪಾದರ ಆಶಯವು ಇಂದಿನ ಸಾಲಪತ್ರಕ್ಕೂ ಅನ್ವಯಿಸುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಮೇರೆಗೆ, ಅದೇ ವರ್ಷದ ಅಕ್ಟೋಬರ್ 1ರಿಂದ, ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿಸಾಲಗಳಿಗೂ ಮುಖ್ಯ ಸಂಗತಿಗಳ ಹೇಳಿಕೆಯನ್ನು ಕೊಡುವುದು ಕಡ್ಡಾಯವಾಯಿತು. ಅದರಲ್ಲಿ ಎಲ್ಲ ಖರ್ಚುಗಳೂ ಸೇರಿದ ವಾರ್ಷಿಕ ದರವೂ ಕಂತಿನ ಕೋಷ್ಟಕವೂ ಇರಬೇಕು, ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. 1879ರ ಕಾಯಿದೆಯು ವ್ಯಾಜ್ಯ ಹುಟ್ಟಿದಮೇಲೆ ನ್ಯಾಯಾಲಯದಲ್ಲಿ ಮಾಡಿಸಿದ ವಿಂಗಡಣೆಯನ್ನು ಈ ವಿಧಿಯು ಸಾಲ ಹುಟ್ಟುವ ಮೊದಲೇ ಮಾಡಿಸುತ್ತದೆ.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದರಿಂದ ಒದಗುವ ಕೆಲಸವೂ ಇದೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನಿಂದ ಕಪ್ಪುಗೊಳಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳು ಕನ್ನಡನಾಡಿನ ವ್ಯವಹಾರದ ಲೆಕ್ಕಕ್ಕೆ ಮುಖ್ಯ ಆಕರಗಳು. ಅಳಿಸಿ ಬರೆಯಲು ಬರುವ ಈ ಸಾಧನದಲ್ಲಿ ಲೆಕ್ಕವು ನಿಂತುದು ಬರೆದವನ ಪ್ರಾಮಾಣಿಕತೆಯ ಮೇಲೆ, ಓದುವವನ ಗಣಿತಜ್ಞಾನದ ಮೇಲೆ. ಭಂಡಾರಗಳಲ್ಲಿ ಆಗಮ, ಪುರಾಣ, ಕಾವ್ಯಗಳ ಪ್ರತಿಗಳಿಗೆ ಸಲ್ಲುವ ಗಮನವು ಗಣಿತದ ಓಲೆಗಳಿಗೂ ಲೆಕ್ಕದ ಕಡತಗಳಿಗೂ ಸಲ್ಲಬೇಕು. ವೃದ್ಧಿಪ್ರಕರಣದ ಸೂತ್ರಗಳನ್ನು ಕಡತಗಳ ಲೆಕ್ಕದೊಡನೆ ಇಟ್ಟು ಓದಿದಲ್ಲಿ, ಶಾಸ್ತ್ರದಲ್ಲಿ ಹೇಳಿದ ಮಿಶ್ರವಿಭಾಗವು ಅಂಗಡಿಯ ಜಗುಲಿಯಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬುದು ವಿಶದವಾಗುತ್ತದೆ. ಪಾಠಶಾಲೆಗಳಲ್ಲಿ ಮಿಶ್ರಕವ್ಯವಹಾರವನ್ನು ಇಂದಿನ ಕಂತಿನ ಕೋಷ್ಟಕವೊಂದನ್ನು ಮುಂದಿಟ್ಟುಕೊಂಡು ಬೋಧಿಸಿದರೆ, ತನ್ನ ಕೈಗೆ ಬಂದ ಸಾಲಪತ್ರದಲ್ಲಿ ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಎಣಿಸಿದೆಯೋ ಮೊದಲಿನ ಅಸಲಿನ ಮೇಲೆ ಎಣಿಸಿದೆಯೋ ಎಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಳ್ಳುವನು.