ಕರುಳಿನ ಹೊಲಿಗೆಗೆ ರಕ್ತದ ಸಾಕ್ಷ್ಯ

ಜಗಳೂರಿನ ರೈತನೊಬ್ಬನ ದೊಡ್ಡ ಕರುಳಿನಲ್ಲಿ ಗಂಟು ಕಾಣಿಸಿತೆನ್ನಿ. ಶಸ್ತ್ರಚಿಕಿತ್ಸೆಗೆ ಅವನು ದಾವಣಗೆರೆಗೆ ಬರಬೇಕು. ಚನ್ನಗಿರಿ, ಹೊನ್ನಾಳಿಗಳ ಅನೇಕರ ದಾರಿಯೂ ಅದೇ. ನ್ಯಾಮತಿಯವರಿಗೆ ಮಾತ್ರ ಶಿವಮೊಗ್ಗ ಹತ್ತಿರ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಅಲ್ಲಿ ಆರಂಭವಾದದ್ದು 1965ರಲ್ಲಿ. ರೋಗಿಗಳ ಜಿಲ್ಲೆ ಸರ್ಕಾರದ ಜಿಲ್ಲೆಗಿಂತ ಹಳೆಯದು.

ಕೆಟ್ಟ ಭಾಗವನ್ನು ತೆಗೆದು ಎರಡು ತುದಿಗಳನ್ನು ಕೂಡಿಸಿ ಹೊಲಿದದ್ದಾಯಿತು. ಇನ್ನು ಮನೆಯವರ ಪ್ರಶ್ನೆ ಒಂದೇ: ಊರಿಗೆ ಎಂದು ಹೋಗಬಹುದು? ಕೈಕಾಲಿನ ಗಾಯವಾದರೆ ಪಟ್ಟಿ ಬಿಚ್ಚಿ ನೋಡಬಹುದು. ಕರುಳಿನ ಹೊಲಿಗೆಯನ್ನು ಹಾಗೆ ನೋಡಲಾಗದು. ಅದು ಬಿಟ್ಟುಕೊಂಡು ಸೋರತೊಡಗಿದರೆ, ಹೊರಗೆ ಲಕ್ಷಣ ತೋರುವ ವೇಳೆಗೆ ಕೆಲವು ದಿನಗಳೇ ಕಳೆದಿರಬಹುದು. ಅಷ್ಟರಲ್ಲಿ ಹೊಟ್ಟೆಯೊಳಗೆಲ್ಲ ನಂಜು.

ಹೊಲಿಗೆಯ ಚಿಂತೆ ಪುರಾತನವಾದುದು. ಸೀಳಿದ ಕರುಳಿನ ಅಂಚುಗಳನ್ನು ದೊಡ್ಡ ಕಪ್ಪಿರುವೆಗಳಿಂದ ಕಚ್ಚಿಸಿ, ಮೈ ಕಿತ್ತು ತಲೆಯನ್ನಷ್ಟೇ ಉಳಿಸುವ ಕ್ರಮವನ್ನು ಸುಶ್ರುತಸಂಹಿತೆ ಹೇಳುತ್ತದೆ. ಕರುಳಿನ ಹೊರಪದರಗಳು ಒಂದಕ್ಕೊಂದು ತಾಗುವಂತೆ ಹೊಲಿಯುವುದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಂಬೇರ್ ಕಲಿಸಿದ. ಕೂಡಿಸುವ ವಿದ್ಯೆ ಹೀಗೆ ಬೆಳೆಯಿತು. ಕೂಡಿತೋ ಇಲ್ಲವೋ ಎಂದು ಅರಿಯುವ ವಿದ್ಯೆ ಬಹುಕಾಲ ಹಿಂದುಳಿಯಿತು.

ಅದಕ್ಕೆ ದಾರಿ ತೆರೆದದ್ದು ಕರುಳಲ್ಲ, ಶ್ವಾಸಕೋಶ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತರಸವನ್ನು ಪರೀಕ್ಷಿಸುತ್ತಿದ್ದರು. ರೋಗಾಣುವಿನಿಂದ ತೆಗೆದ 'ಸಿ' ಎಂಬ ಅಂಶವನ್ನು ಬೆರೆಸಿದರೆ ಅದು ಗರಣೆಗಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಗಟ್ಟುತ್ತಿರಲಿಲ್ಲ. ಇದಕ್ಕೆ ಕಾರಣವಾದ ಪದಾರ್ಥವೇ ಸಿ-ರಿಯಾಕ್ಟಿವ್ ಪ್ರೋಟೀನ್. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಯಕೃತ್ತು ಇದನ್ನು ರಕ್ತಕ್ಕೆ ಸುರಿಯುತ್ತದೆ. ಕಾರಣ ತಗ್ಗಿದರೆ ಸುಮಾರು ಹತ್ತೊಂಬತ್ತು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಶಸ್ತ್ರಚಿಕಿತ್ಸೆಯಾದ ಎಲ್ಲರಲ್ಲೂ ಅದು ಏರಿ, ಎರಡನೆಯ ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಏರಿದ್ದಕ್ಕೆ ಹೆದರಬೇಕಿಲ್ಲ, ಇಳಿಯದಿದ್ದರೆ ಎಚ್ಚರವಾಗಬೇಕು.

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಗಡಿಗಳನ್ನು ಹೇಳಿತು: ಮೂರನೆಯ ದಿನ ಲೀಟರಿಗೆ 172 ಮಿಲಿಗ್ರಾಂ, ನಾಲ್ಕನೆಯ ದಿನ 124, ಐದನೆಯ ದಿನ 144. ಐದನೆಯ ದಿನದ ಗಡಿ ನಾಲ್ಕನೆಯದಕ್ಕಿಂತ ಮೇಲಿರುವುದನ್ನು ಕಂಡು ನನಗೆ ನಗೆ ಬಂದಿತು. ಇವು ಸರಾಸರಿಯ ಗಡಿಗಳು, ದೇಹದಲ್ಲಿ ಗೆರೆ ಎಳೆದವಲ್ಲ. ಗಡಿಗಿಂತ ಕೆಳಗಿದ್ದವರಲ್ಲಿ ನೂರಕ್ಕೆ 97 ಮಂದಿಗೆ ಸೋರಿಕೆ ಇರಲಿಲ್ಲ. ಮೇಲಿದ್ದವರಲ್ಲಾದರೋ ಸೋರಿಕೆಯಾದದ್ದು ಸರಿಸುಮಾರು ಐವರಲ್ಲಿ ಒಬ್ಬರಿಗೆ. 'ಅಪಾಯವಿಲ್ಲ' ಎಂಬ ಮಾತಿಗೆ ಈ ಸಾಕ್ಷಿಯನ್ನು ನಂಬಬಹುದು. 'ಅಪಾಯವಿದೆ' ಎಂದಾಗ ಸಿ.ಟಿ. ಸ್ಕ್ಯಾನಿನಂಥ ಬೇರೆ ಸಾಕ್ಷಿಯನ್ನೂ ಕರೆಯಬೇಕು. 1993ರಿಂದ ಸೋಂಕಿನ ಸೂಚಕವೆಂದು ಹೆಸರಾದ ಪ್ರೋಕ್ಯಾಲ್ಸಿಟೋನಿನ್ ಅಂಥ ಇನ್ನೊಂದು. ಅದರ ಪರೀಕ್ಷೆ ದುಬಾರಿ.

ಆಸ್ಪತ್ರೆಯ ಪಕ್ಕದ ಬೀದಿಯವನಿಗೆ ರಾತ್ರಿ ಹೊಟ್ಟೆನೋವು ಬಂದರೆ ನಡೆದೇ ಬಂದಾನು. ಜಗಳೂರಿನ ಹಳ್ಳಿಯವನು ಬೆಳಗಿನ ಬಸ್ಸಿಗೆ ಕಾಯಬೇಕಾದೀತು. ಗಡಿಯ ಆಸುಪಾಸಿನ ಒಂದೇ ಅಂಕಿಯ ಮೇಲೆ ವೈದ್ಯರು ಮೊದಲಿನವನನ್ನು ಮನೆಗೆ ಕಳಿಸಿ, ಎರಡನೆಯವನನ್ನು ಇನ್ನೆರಡು ದಿನ ಇರಿಸಿಕೊಂಡರೆ ನಾನದನ್ನು ಪಕ್ಷಪಾತವೆನ್ನಲಾರೆ.