ವಿರಕ್ತ ಪರಂಪರೆಯ ಪುನರುಜ್ಜೀವನ ಮತ್ತು ತೋಂಟದ ಸಿದ್ಧಲಿಂಗಯತಿಗಳು

ಸಂನ್ಯಾಸಿ ಸಮುದಾಯವೊಂದು ಚದುರಿಹೋದ ಮೇಲೆ ಮತ್ತೆ ತಲೆಯೆತ್ತುವುದು ಯಾವುದರ ಬಲದಿಂದ? ದತ್ತಿಯಾಗಿ ಬಂದ ಭೂಮಿಯ ಬಲದಿಂದಲೋ, ಅರಸರ ಆಶ್ರಯದಿಂದಲೋ, ನುಡಿ-ನಡೆಗಳ ಬಲದಿಂದಲೋ? ಧರ್ಮಗಳ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಇದು ಮುಖ್ಯವಾದ ಪ್ರಶ್ನೆ.

ಚೀನಾ ದೇಶದ ಬೌದ್ಧ ಸಂಘದ ಚರಿತ್ರೆಯನ್ನು ನೋಡೋಣ. ಕ್ರಿ.ಶ. 845ರಲ್ಲಿ ಟಾಂಗ್ ವಂಶದ ವುಜೋಂಗ್ ಸಾಮ್ರಾಟನು ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು ವಿಹಾರಗಳನ್ನು ಕೆಡವಿಸಿ, ಎರಡೂವರೆ ಲಕ್ಷಕ್ಕೂ ಮೀರಿದ ಭಿಕ್ಷು-ಭಿಕ್ಷುಣಿಯರನ್ನು ಗೃಹಸ್ಥರನ್ನಾಗಿಸಿದನು. ವಿಹಾರಗಳ ಭೂಸಂಪತ್ತೇ ಅವುಗಳಿಗೆ ಮುಳುವಾಯಿತು. ಆದರೆ ಚಾನ್ ಪಂಥ ಉಳಿಯಿತು. ಅದರ ಆಚಾರ್ಯನಾಗಿ 814ರಲ್ಲಿ ಗತಿಸಿದ ಬೈಜಾಂಗನು ಭಿಕ್ಷುಗಳಿಗೂ ಮೈಮುರಿದು ದುಡಿಯುವುದನ್ನು ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಕಾಯಕತತ್ತ್ವವನ್ನು ಬಲ್ಲ ನಮಗೆ ಇದು ಹತ್ತಿರದ ಮಾತು. ಮುಂದೆ 1004ರಲ್ಲಿ ಗುರುಶಿಷ್ಯರ ಸಂವಾದಗಳನ್ನು ಸಂಕಲಿಸಿದ ಗ್ರಂಥವೂ, 1103ರಲ್ಲಿ ವಿಹಾರಗಳ ನಿಯಮಸಂಹಿತೆಯೂ ಸಿದ್ಧವಾದವು. ನುಡಿಯ ಸಂಗ್ರಹ, ನಡೆಯ ನಿಯಮ ಎಂಬ ಎರಡು ಕಂಬಗಳ ಮೇಲೆ ಸಂಘ ನಿಂತಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪದ ನಿದರ್ಶನ ನಮ್ಮ ತುಮಕೂರು ಸೀಮೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವದಿಂದ ಶರಣರು ಚದುರಿದರು; ವಚನಗಳೂ ಅವರೊಡನೆ ದಿಕ್ಕಾಪಾಲಾದವು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ನೂರೊಂದು ವಿರಕ್ತರು ಅವುಗಳ ಸಂಕಲನಕ್ಕೆ ತೊಡಗಿದರೆಂಬುದು ಸುವಿದಿತ. ದಂಡನಾಯಕನಾದ ಲಕ್ಕಣ್ಣ ದಂಡೇಶನು 'ಶಿವತತ್ತ್ವ ಚಿಂತಾಮಣಿ'ಯನ್ನು ರಚಿಸಿದನು. ಪ್ರಭುದೇವರ ಸಂವಾದಗಳನ್ನು ಪೋಣಿಸಿದ 'ಶೂನ್ಯಸಂಪಾದನೆ'ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಸಂಪಾದಿಸಿದನು.

ಈ ಕಾರ್ಯಕ್ಕೆ ಅನುಷ್ಠಾನದ ಜೀವ ತುಂಬಿದವರು ತೋಂಟದ ಸಿದ್ಧಲಿಂಗಯತಿಗಳು. ಹರದನಹಳ್ಳಿಯ ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ಇವರು ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ, ನಾಗಿನೀ ನದಿಯ ದಡದ ತೋಟವೊಂದರಲ್ಲಿ ತಪಸ್ಸನ್ನಾಚರಿಸಿದುದರಿಂದ 'ತೋಂಟದ' ಎಂಬ ವಿಶೇಷಣ ಬಂದಿತು. ಅವರು ಐಕ್ಯರಾದುದು ಎಡೆಯೂರಿನಲ್ಲಿ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ವಚನವು ಸಂಗ್ರಹಯೋಗ್ಯವಾದ ಹಳೆಯ ನುಡಿ ಮಾತ್ರವಲ್ಲ, ಇಂದಿಗೂ ನುಡಿಯಬಹುದಾದ ನುಡಿ ಎಂಬುದನ್ನು ಈ ಕೃತಿ ತೋರಿಸಿಕೊಟ್ಟಿತು. ಪುನರುಜ್ಜೀವನವೆಂದರೆ ಇದೇ ಅಲ್ಲವೆ?

ಶಿಷ್ಯಪರಂಪರೆಯೂ ಸುಮ್ಮನೆ ಕೂರಲಿಲ್ಲ. ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಗೆ ಅದರ ನಾಲ್ಕನೆಯ ರೂಪವನ್ನಿತ್ತರು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ 'ಭಾವಚಿಂತಾರತ್ನ'ವನ್ನೂ, 1530ರಲ್ಲಿ 'ವೀರಶೈವಾಮೃತ ಮಹಾಪುರಾಣ'ವನ್ನೂ ರಚಿಸಿದನು. 1561ರಲ್ಲಿ ಶಾಂತೇಶನು ಸಿದ್ಧಲಿಂಗರ ಚರಿತ್ರೆಯನ್ನು ಪುರಾಣವಾಗಿ ಬರೆದನು. ಗುಬ್ಬಿ, ಕುಣಿಗಲ್, ಗೂಳೂರು: ಒಂದೆರಡು ದಿನದ ಕಾಲ್ನಡಿಗೆಯ ಈ ಚಿಕ್ಕ ವಲಯದಿಂದ ಇಷ್ಟು ಸಾಹಿತ್ಯ ಹೊಮ್ಮಿದುದು ಗಮನಾರ್ಹ.

1565ರಲ್ಲಿ ತಾಳಿಕೋಟೆಯ ಯುದ್ಧದಿಂದ ವಿಜಯನಗರ ಹಾಳಾಯಿತು. ವಿರಕ್ತ ಪರಂಪರೆ ಹಾಳಾಗಲಿಲ್ಲ. ಅದರ ಆಧಾರವು ಅರಮನೆಯಲ್ಲಿರದೆ ಚರಜಂಗಮರ ಸಂಚಾರದಲ್ಲಿ, ಭಕ್ತರ ಮನೆಯ ದಾಸೋಹದಲ್ಲಿ, ಮಠದ ಓಲೆಗರಿಯ ಕಟ್ಟುಗಳಲ್ಲಿ ಇದ್ದಿತು. ಆ ಕಟ್ಟುಗಳು ಉಳಿದುದರಿಂದಲೇ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಮುದ್ರಿಸಲು ಸಾಧ್ಯವಾಯಿತು.

ಬಟವಾಡಿಯಿಂದ ಕ್ಯಾತ್ಸಂದ್ರದತ್ತ ಸಾಗಿದರೆ ಸಿಗುವ ಸಿದ್ಧಗಂಗೆಯಲ್ಲಿ ಈ ಮಾತಿಗೆ ನಮ್ಮ ಕಾಲದ ಸಾಕ್ಷ್ಯವಿದೆ. 1941ರಲ್ಲಿ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ-ಅಕ್ಷರಗಳ ದಾಸೋಹವನ್ನು ನಡೆಸಿದರು. ಹಳ್ಳಿಗರು ಕೊಟ್ಟ ರಾಗಿ-ಬೇಳೆಗಳೇ ಅದರ ಮೂಲಧನವಾಗಿದ್ದವು.

ಮಠಗಳು ಇಂದು ಕಟ್ಟಡಗಳಿಂದ ಸಂಪನ್ನವಾಗಿವೆ. ಅದು ಸಂತೋಷದ ಸಂಗತಿ. ಆದರೆ ಕಟ್ಟಡ ಬೆಳೆದು ವಚನಾಧ್ಯಯನ ಸೊರಗಿದರೆ, ಚೀನಾದ ವಿಹಾರಗಳ ಕಥೆ ನಮಗೂ ಪಾಠವಾಗಬೇಕಾದೀತು. ಪರಂಪರೆಯನ್ನು ಕಾಯುವುದು ನುಡಿದಂತೆ ನಡೆಯುವವರು, ಕಲ್ಲು ಗಾರೆಗಳಲ್ಲ.